ಬಾಸೆಲಿನಿಂದ ಬಂದವರು, ಬಲ್ಮಠದಲ್ಲಿ ಉಳಿದದ್ದು

ವಾರಕ್ಕೆ ಅರ್ಧ ಬಾಟ್ಸನ್. ಸ್ವಿಟ್ಜರ್ಲೆಂಡಿನ ಮತ್ತು ದಕ್ಷಿಣ ಜರ್ಮನಿಯ ಸಾಮಾನ್ಯ ಮನೆಗಳು 1855ರಿಂದ ಬಾಸೆಲ್ ಮಿಷನ್ನಿಗೆ ಹೀಗೆ ಚಿಲ್ಲರೆ ಕಾಸು ಕೂಡಿಸಿ ಕೊಡತೊಡಗಿದವು. ಮನೆಗೆಲಸದ ಹೆಣ್ಣುಮಗಳಿಗೂ ಭಾರವಾಗದಷ್ಟು ಸಣ್ಣ ಮೊತ್ತ ಅದು. ಕೊಟ್ಟವರಲ್ಲಿ ಹೆಚ್ಚಿನವರು ಸಮುದ್ರವನ್ನೇ ಕಂಡವರಲ್ಲ. ಆದರೂ ಮಂಗಳೂರು, ಹುಬ್ಬಳ್ಳಿ, ಬೆಟಗೇರಿ ಎಂಬ ಹೆಸರುಗಳು ಅವರ ಪ್ರಾರ್ಥನೆಯಲ್ಲಿ ಬಂದು ಹೋಗುತ್ತಿದ್ದವು. ಬೆಳಗಿನ ಹೊತ್ತಿನಲ್ಲಿ ನಾನು ಆ ಮನೆಗಳನ್ನು ನೆನೆಯುತ್ತೇನೆ. ಆ ಕಾಸಿನಿಂದ ತಾವು ಏನನ್ನು ಕೊಳ್ಳುತ್ತಿದ್ದೇವೆ ಎಂದು ಅವರು ಅಂದುಕೊಂಡಿದ್ದರು? ನಿಜವಾಗಿ ಕೊಂಡದ್ದು ಏನನ್ನು?

ಅಂದುಕೊಂಡದ್ದು ಸರಳವಾಗಿತ್ತು: ಆತ್ಮಗಳ ರಕ್ಷಣೆ. 1815ರಲ್ಲಿ ಹುಟ್ಟಿದ ಆ ಮಿಷನ್ನಿನಿಂದ ಭಾರತಕ್ಕೆ ಹೊರಟ ಮೊದಲ ಮೂವರು, ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್, 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಬ್ರಿಟಿಷರಲ್ಲದ ಪಾದ್ರಿಗಳಿಗೆ ಕಂಪನಿಯ ನಾಡಿನಲ್ಲಿ ಬಾಗಿಲು ತೆರೆದದ್ದು ಅದರ ಹಿಂದಿನ ವರ್ಷವಷ್ಟೇ. ಅವರಿಗೆ ಕನ್ನಡ, ತುಳು, ಕೊಂಕಣಿ ಯಾವುದೂ ಬಾರದು. ನಮ್ಮ ಮಳೆಗಾಲದ ಪರಿಚಯವೂ ಇರಲಿಲ್ಲ. ಬೀದಿಯಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಉಪದೇಶ ಮಾಡಿದರು. ಜನ ನಿಂತು ಕೇಳಿದರು, ತಮ್ಮ ದಾರಿ ಹಿಡಿದು ಹೋದರು.

ಘಟ್ಟದ ಮೇಲೆ ಒಮ್ಮೆ ದೊಡ್ಡ ಆಸೆ ಹುಟ್ಟಿತ್ತು. ಧಾರವಾಡ ಸೀಮೆಯಲ್ಲಿ ಕಾಲಜ್ಞಾನವನ್ನು ನಂಬುವ ಒಂದು ಪಂಥದವರು 1840ರ ಹೊತ್ತಿಗೆ ಮಿಷನರಿಗಳನ್ನು ಹುಡುಕಿಕೊಂಡು ಬಂದರು. ಪಡುವಣದಿಂದ ಬರುವವರ ಬಗ್ಗೆ ತಮ್ಮ ಹಿರಿಯರು ನುಡಿದದ್ದು ಇವರನ್ನು ಕುರಿತೇ ಇರಬಹುದೆಂಬ ಭಾವ ಅವರಲ್ಲಿತ್ತು. ಸಾವಿರಾರು ಮನೆಗಳು ಒಟ್ಟಿಗೆ ಕ್ರಿಸ್ತನ ಕಡೆ ಬರುತ್ತವೆ ಎಂದು ಮಿಷನರಿಗಳು ನಂಬಿದರು. ಬೆಟಗೇರಿಯ ಬಳಿ ಮಲಸಮುದ್ರದಲ್ಲಿ ಬೇಸಾಯದ ಒಂದು ನೆಲೆಯೂ ಎದ್ದಿತು. ಅಷ್ಟು ಜನ ಬರಲಿಲ್ಲ. ಒಬ್ಬರು ಇನ್ನೊಬ್ಬರಲ್ಲಿ ತಮಗೆ ಬೇಕಾದದ್ದನ್ನು ಕಂಡಿದ್ದರು, ಅಷ್ಟೆ. ಆ ನಿರಾಸೆಯ ಬಗ್ಗೆ ಓದುವಾಗಲೆಲ್ಲ ನನಗೆ ಎರಡೂ ಕಡೆಯವರ ಮೇಲೆ ಕನಿಕರ ಹುಟ್ಟುತ್ತದೆ. ಎರಡೂ ಕಡೆ ಇದ್ದದ್ದು ಮೋಸವಲ್ಲ, ಹಂಬಲ.

ಇನ್ನೊಂದು ನೆಲದಲ್ಲಿ ಇದೇ ಮಿಷನ್ ತೆತ್ತ ಬೆಲೆಯನ್ನು ನೆನೆದರೆ ಮಲಸಮುದ್ರದ ಸೋಲು ಸಣ್ಣದು. ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ, ಇಂದಿನ ಘಾನಾಕ್ಕೆ, 1828ರಲ್ಲಿ ನಾಲ್ವರನ್ನು ಕಳುಹಿಸಿತ್ತು. ಕೆಲವೇ ವರ್ಷಗಳಲ್ಲಿ ನಾಲ್ವರೂ ತೀರಿಕೊಂಡರು. ಮುಂದೆ ಹೋದ ಮೂವರಲ್ಲಿ ಉಳಿದದ್ದು ಆಂಡ್ರಿಯಾಸ್ ರೀಸ್ ಒಬ್ಬರೇ. ಯಾರ ಕಣ್ಣಿಗೂ ಫಲ ಕಾಣದ ಆ ಸಮಾಧಿಗಳ ಮೇಲೆ ಇಂದು ಘಾನಾದ ಪ್ರೆಸ್ಬಿಟೇರಿಯನ್ ಸಭೆ ನಿಂತಿದೆ.

ನಮ್ಮ ಕಡೆ ಸಾವಿಗಿಂತ ಹೆಚ್ಚಾಗಿ ಕಾಡಿದ್ದು ಅಗಲಿಕೆ. ಬಾಸೆಲಿನ ಸಮಿತಿಯ ನಿಯಮಗಳು ಕಟ್ಟುನಿಟ್ಟು. ಮಿಷನರಿಯಾದವನು ಕೆಲವು ವರ್ಷ ದುಡಿದು ತೋರಿಸಿದ ಮೇಲೆಯೇ ಮದುವೆಗೆ ಅನುಮತಿ. ಹೆಣ್ಣಿಗೂ ಸಮಿತಿಯ ಒಪ್ಪಿಗೆ ಬೇಕು. ಗಂಡನಾಗುವವನ ಮುಖವನ್ನೇ ಕಾಣದೆ ಹಡಗು ಹತ್ತಿ ಬಂದ ವಧುಗಳಿದ್ದರು. ಹುಟ್ಟಿದ ಮಕ್ಕಳು ಆರೇಳು ವರ್ಷಕ್ಕೆ ಬಂದರೆ ಮತ್ತೆ ಹಡಗು: 1853ರಲ್ಲಿ ಬಾಸೆಲಿನಲ್ಲಿ ತೆರೆದ ಮಕ್ಕಳ ನಿಲಯಕ್ಕೆ. ತಾಯಿ ಇಲ್ಲಿ, ಮಗು ಅಲ್ಲಿ, ನಡುವೆ ತಿಂಗಳುಗಟ್ಟಲೆ ಹಿಡಿಯುವ ಅಂಚೆ.

ಮಲಯಾಳಕ್ಕೆ ನಿಘಂಟು ಕೊಟ್ಟ ಹೆರ್ಮನ್ ಗುಂಡರ್ಟರ ಮಗಳು ಮರೀ ತಲಚೇರಿಯಲ್ಲಿ ಹುಟ್ಟಿದವಳು. ಅವಳನ್ನು ಎಳೆಯ ವಯಸ್ಸಿನಲ್ಲೇ ಯೂರೋಪಿನಲ್ಲಿ ಬಿಟ್ಟು ತಂದೆತಾಯಿ ಕೆಲಸಕ್ಕೆ ಮರಳಿದರು. ಅವಳು ಮತ್ತೆ ಇಲ್ಲಿಗೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಅಪ್ಪ ಅಮ್ಮ ಎಂದು ಕರೆಯಬೇಕಾದವರು ಅವಳಿಗೆ ಹೆಚ್ಚುಕಡಿಮೆ ಅಪರಿಚಿತರು. ಮುಂದೆ ಅವಳ ಮಗನೇ ಕಾದಂಬರಿಕಾರ ಹೆರ್ಮನ್ ಹೆಸ್ಸೆ. ಭಾರತದ ಕಡೆಗೆ ಅವನ ಮನಸ್ಸು ಜೀವನವಿಡೀ ತಿರುಗುತ್ತಲೇ ಇತ್ತು. ದೇವರ ಕೆಲಸಕ್ಕಾಗಿ ತಾವು ತ್ಯಾಗ ಮಾಡಿದೆವು ಎಂದು ಆ ತಂದೆತಾಯಿಯರು ಪ್ರಾಮಾಣಿಕವಾಗಿ ನಂಬಿದ್ದರು. ಆ ನಂಬಿಕೆಗೆ ನಾನು ತಲೆಬಾಗುತ್ತೇನೆ. ಆದರೆ ಆ ತ್ಯಾಗದಲ್ಲಿ ಮಕ್ಕಳ ಪಾಲೂ ಇತ್ತು, ಮತ್ತು ಮಕ್ಕಳು ಅದನ್ನು ಆರಿಸಿಕೊಂಡಿರಲಿಲ್ಲ.

ಇಷ್ಟೆಲ್ಲ ತೆತ್ತದ್ದು ಯಾವುದಕ್ಕೆ ಸಂದಿತು ಎಂದು ನೋಡಹೊರಟರೆ ಹೆರ್ಮನ್ ಮೋಗ್ಲಿಂಗರ ಬಳಿಗೆ ಬರಬೇಕು. ಟ್ಯೂಬಿಂಗನ್ನಿನಲ್ಲಿ ಓದಿದ ಆ ತರುಣ 1836ರಲ್ಲಿ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಊರಿನ ಸುದ್ದಿ, ಸರಕಾರದ ನಿರೂಪ, ಗಾದೆ, ಕತೆ ಎಲ್ಲವೂ ಅದರಲ್ಲಿದ್ದವು. ಒಂದು ವರ್ಷ ತುಂಬುವುದರೊಳಗೆ ಪತ್ರಿಕೆ ಬಳ್ಳಾರಿಗೆ ಹೋಗಿ ಹೆಸರು ಬದಲಿಸಿಕೊಂಡಿತು, ಹೆಚ್ಚು ಕಾಲ ಬಾಳಲಿಲ್ಲ. ಅಂದಿನ ಕಣ್ಣಿಗೆ ಅದೂ ಒಂದು ಸೋಲೇ. ಇಂದು ಕರ್ನಾಟಕದ ಪತ್ರಕರ್ತರು ಯಾವ ಧರ್ಮದವರಾಗಿರಲಿ, ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಆ ಪತ್ರಿಕೆಯಿಂದ ಎಷ್ಟು ಜನ ಕ್ರೈಸ್ತರಾದರು ಎಂದು ಯಾರೂ ಕೇಳುವುದಿಲ್ಲ. ಮೋಗ್ಲಿಂಗರೇ ಬಂದು ಕೇಳಿದರೆ ನಾವು ಏನು ಹೇಳುತ್ತೇವೆ?

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅವರ ಮುಂದಿನ ಕೆಲಸ. ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ 1848ರ ಹೊತ್ತಿಗೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ ಶುರುವಾಯಿತು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಓಲೆಗರಿಯಿಂದ ಮತ್ತು ಬಾಯಿಂದ ಇಳಿದು ಅಚ್ಚಿನ ಪುಟಕ್ಕೆ ಬಂದವು. ಶಿವನ ಮತ್ತು ಹರಿಯ ಭಕ್ತಿಯನ್ನು ಬಿಡಿಸಲು ಸಮುದ್ರ ದಾಟಿ ಬಂದವರು ಅದೇ ಭಕ್ತಿಯ ಪದಗಳನ್ನು ಒಂದೊಂದಾಗಿ ಕೂಡಿಸಿ, ತಿದ್ದಿ, ಉಳಿಸಿದರು. ಶತ್ರುವನ್ನು ಅರಿಯಲು ಮಾಡಿದ್ದು ಎಂದು ಕೆಲವರು ಅನ್ನುತ್ತಾರೆ. ಆರಂಭದಲ್ಲಿ ಹಾಗೆಯೇ ಇದ್ದಿರಬಹುದು. ಆದರೆ ವರ್ಷಗಟ್ಟಲೆ ಒಂದು ಕಾವ್ಯದ ಜೊತೆ ಕುಳಿತು, ಅದರ ಪಾಠಾಂತರಗಳನ್ನು ಅಳೆದು, ಕರಡು ತಿದ್ದುವ ಮನುಷ್ಯ ಅದರ ಶತ್ರುವಾಗಿ ಉಳಿಯುವುದು ಕಷ್ಟ. ಕೆಲಸವೇ ಮನುಷ್ಯನನ್ನು ಬದಲಾಯಿಸುತ್ತದೆ ಎಂಬುದನ್ನು ನಾನು ನಂಬುತ್ತೇನೆ. ಮೋಗ್ಲಿಂಗರಲ್ಲಿ ಅದು ನಡೆಯಿತೆಂದೇ ನನ್ನ ಎಣಿಕೆ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಕನ್ನಡದ ಈ ಕೆಲಸಕ್ಕೇ.

ಫೆರ್ಡಿನೆಂಡ್ ಕಿಟೆಲ್ ಬಂದದ್ದು 1853ರಲ್ಲಿ. ಉಪದೇಶಕರಾಗಿ ಅವರು ಹೆಸರು ಮಾಡಲಿಲ್ಲ. ಸಹೋದ್ಯೋಗಿಗಳಿಗೆ ಅವರು ಅಷ್ಟಾಗಿ ಒಗ್ಗಲಿಲ್ಲ, ಸಮಿತಿಯೊಡನೆಯೂ ತಿಕ್ಕಾಟವಿತ್ತು. ಮದುವೆಯಾದ ಕೆಲವೇ ವರ್ಷಗಳಲ್ಲಿ ಹೆಂಡತಿ ಪೌಲೀನಾ ತೀರಿಕೊಂಡರು. ಅವರ ತಂಗಿ ಜೂಲಿಯನ್ನು ಕಿಟೆಲ್ ಆಮೇಲೆ ಮದುವೆಯಾದರು. 1862ರಲ್ಲಿ ಯೇಸುವಿನ ಕತೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹಾಡಲು ಕಟ್ಟಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಉಳಿದ ಬದುಕೆಲ್ಲ ನಿಘಂಟಿಗೆ. ಅದನ್ನು ಮುಗಿಸಲೆಂದೇ ಜರ್ಮನಿಯಿಂದ ಇನ್ನೊಮ್ಮೆ ಹಡಗು ಹತ್ತಿ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣದಿಂದ ಹೊರಬಂದ ಆ ಗ್ರಂಥದಲ್ಲಿ ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕ ಪುಟಗಳು. ಅಚ್ಚಾಗುವ ಹೊತ್ತಿಗೆ ಕಿಟೆಲ್ ತಾಯ್ನಾಡಿಗೆ ಮರಳಿಯಾಗಿತ್ತು. ಕನ್ನಡ ವ್ಯಾಕರಣವನ್ನು 1903ರಲ್ಲಿ ಪ್ರಕಟಿಸಿ ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು.

ಕಿಟೆಲ್ಲರ ಬದುಕನ್ನು ಮಿಷನ್ನಿನ ಲೆಕ್ಕದಲ್ಲಿ ಅಳೆದರೆ ಸೊನ್ನೆಗೆ ಹತ್ತಿರ. ಕನ್ನಡದ ಲೆಕ್ಕದಲ್ಲಿ ಅಳೆಯಲು ನಮ್ಮಲ್ಲಿ ಅಳತೆಯೇ ಇಲ್ಲ. ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಂತಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿದರು. ಒಂದು ಮಾತು ಮಾತ್ರ ಸೇರಿಸಬೇಕು. ಆ 70,000 ಶಬ್ದಗಳನ್ನು ಕಿಟೆಲ್ ಹುಟ್ಟಿಸಲಿಲ್ಲ. ಊರೂರಿನ ಪಂಡಿತರು, ಮುನ್ಷಿಗಳು, ಮನೆಯಲ್ಲಿ ಮಾತಾಡುವ ಹೆಂಗಸರು ಕೊಟ್ಟ ಶಬ್ದಗಳು ಅವು. ಅವರಲ್ಲಿ ಎಷ್ಟೋ ಮಂದಿಯ ಹೆಸರು ನಮಗೆ ಇಲ್ಲ. ಪ್ರತಿಮೆಗೆ ಹಾರ ಹಾಕುವ ದಿನ ಅವರನ್ನೂ ನೆನೆದರೆ ಕಿಟೆಲ್ಲರಿಗೆ ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

ತುಳುವಿಗೂ ಹೀಗೆಯೇ ಆಯಿತು. ಹೊಸ ಒಡಂಬಡಿಕೆ 1847ರಲ್ಲಿ ತುಳುವಿನಲ್ಲಿ ಬಂತು, ಮ್ಯಾನರರ ತುಳು ನಿಘಂಟು 1886ರಲ್ಲಿ. ಎರಡೂ ಕನ್ನಡ ಲಿಪಿಯಲ್ಲಿ. ತುಳು ಬರವಣಿಗೆ ಆ ಲಿಪಿಯಲ್ಲೇ ಬೆಳೆಯಿತು. ಅದು ಲಾಭವೋ ನಷ್ಟವೋ ಎಂದು ತುಳುವರು ಇಂದಿಗೂ ಮಾತಾಡುತ್ತಾರೆ. ಆ ಮಾತು ಅವರದ್ದೇ, ಅವರೇ ತೀರ್ಮಾನಿಸಲಿ.

ಹಂಚಿನ ಕತೆ ಎಲ್ಲರಿಗೂ ಗೊತ್ತು. ಕ್ರೈಸ್ತನಾದವನಿಗೆ ಜಾತಿ ಹೋಯಿತು, ಜಾತಿಯೊಂದಿಗೆ ಕಸುಬು ಹೋಯಿತು, ಉಳುವ ಗೇಣಿ ನೆಲವೂ ಕೈತಪ್ಪಬಹುದಿತ್ತು. ಬಂದವರಿಗೆ ಅನ್ನದ ದಾರಿ ತೋರಿಸಲೇಬೇಕಿತ್ತು. ಮೊದಲು ನೇಯ್ಗೆ, ಮುದ್ರಣ, ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಬ್ಬಿಸಿದ ಹಂಚಿನ ಕಾರ್ಖಾನೆ. ನೇತ್ರಾವತಿ ದಂಡೆಯ ಜೇಡಿಮಣ್ಣು ಕರಾವಳಿಯ ಮಾಡುಗಳನ್ನೆಲ್ಲ ಕೆಂಪಾಗಿಸಿತು. ಇದನ್ನು ಮಿಷನ್ನಿನ ದೊಡ್ಡ ಕೊಡುಗೆ ಎಂದು ಎಲ್ಲರೂ ಹೊಗಳುತ್ತಾರೆ, ಸರಿಯಾಗಿಯೇ ಹೊಗಳುತ್ತಾರೆ. ಆದರೆ ಪಾದ್ರಿಯೇ ಧಣಿಯಾದಾಗ ನಂಬಿಕೆಗೆ ಏನಾಗುತ್ತದೆ ಎಂಬ ಪ್ರಶ್ನೆ ಮಿಷನ್ನಿನ ಒಳಗೇ ಎದ್ದಿತ್ತು. ಭಾನುವಾರ ಉಪದೇಶ ಕೇಳುವವನೂ ಸೋಮವಾರ ಕೂಲಿ ಪಡೆಯುವವನೂ ಒಬ್ಬನೇ. ಅವನ ಮನೆ ಮಿಷನ್ ಕಾಂಪೌಂಡಿನಲ್ಲಿ, ಮಗುವಿನ ಶಾಲೆ ಅಲ್ಲೇ, ಮದುವೆಯೂ ಅಲ್ಲೇ. ಹೆಚ್ಚಾಗಿ ಬಿಲ್ಲವರೇ ಆಗಿದ್ದ ಸುತ್ತಲಿನ ನಂಟರಿಂದ ಅವನು ದೂರವಾದ. ರಕ್ಷಣೆಗೆಂದು ಕಟ್ಟಿದ ಗೋಡೆ ಬೇರ್ಪಡಿಸುವ ಗೋಡೆಯೂ ಆಯಿತು. ಅದರ ನೆರಳು ಒಂದೆರಡು ತಲೆಮಾರಿಗೆ ಮುಗಿಯಲಿಲ್ಲ.

ಆ ಗೋಡೆ ಒಡೆದದ್ದು ಯಾರೂ ಬಯಸದ ರೀತಿಯಲ್ಲಿ. 1914ರಲ್ಲಿ ಯುದ್ಧ ಬಂತು. ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನದಾದರೂ ಕೆಲಸಗಾರರಲ್ಲಿ ಹೆಚ್ಚಿನವರು ಜರ್ಮನ್ ಪ್ರಜೆಗಳು, ಅಂದರೆ ಬ್ರಿಟಿಷರಿಗೆ ಶತ್ರುಗಳು. ಅವರನ್ನು ಹಿಡಿದು ಅಹ್ಮದ್‌ನಗರದ ಶಿಬಿರದಲ್ಲಿಟ್ಟರು, ಆಮೇಲೆ ಗೋಲ್ಕೊಂಡ ಎಂಬ ಹಡಗಿನಲ್ಲಿ ತಾಯ್ನಾಡಿಗೆ ಸಾಗಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು. ಎಂಬತ್ತು ವರ್ಷದ ಕೆಲಸ ಕೆಲವೇ ವರ್ಷಗಳಲ್ಲಿ ಚದುರಿಹೋಯಿತು. ಹಡಗು ಹತ್ತಿದವರಿಗೆ ಅದು ಎಲ್ಲದರ ಕೊನೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಸಭೆ ಉಳಿಯಿತು. ನಮ್ಮ ಊರಿನವರೇ ಆದ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮೇಷ್ಟರುಗಳು, ಬೈಬಲ್ ಓದಿ ಹೇಳುವ ಹೆಂಗಸರು ಅದನ್ನು ನಡೆಸಿದರು. ಧಣಿ ಇಲ್ಲದ ಭಾನುವಾರಗಳಲ್ಲಿ ಅವರು ಮೊದಲ ಬಾರಿಗೆ ತಮ್ಮ ಕಾಲಿನ ಮೇಲೆ ನಿಂತರು. ಮಿಷನ್ನಿಗೆ ಬಿದ್ದ ಅತಿ ದೊಡ್ಡ ಪೆಟ್ಟೇ ಸಭೆಗೆ ಪ್ರಾಯ ತಂದಿತು ಎಂದು ನಾನು ತಿಳಿದಿದ್ದೇನೆ. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಕರಾವಳಿಯ ಬಾಸೆಲ್ ಸಭೆಗಳು ಅದರೊಳಗೆ ಬಂದದ್ದು ತಲೆ ಎತ್ತಿಕೊಂಡೇ.

ಯುದ್ಧದ ನಂತರ ಬಂದವರು ಬೇರೆ ಬಗೆಯಲ್ಲಿ ಬಂದರು. ಸ್ವಿಸ್ ವೈದ್ಯೆ ಎವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಹೆಂಗಸರು ಮಕ್ಕಳಿಗಾಗಿ ಆರಂಭಿಸಿದ ಚಿಕಿತ್ಸಾಲಯ ಇಂದಿಗೂ ಆಸ್ಪತ್ರೆಯಾಗಿ ನಡೆಯುತ್ತಿದೆ. ಊರಿನವರಿಗೆ ಅದು ಬರಿ ‘ಮಿಷನ್ ಆಸ್ಪತ್ರೆ’. ಅಲ್ಲಿ ಹುಟ್ಟಿದವರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ.

ಇನ್ನು ನನ್ನನ್ನು ಬಿಡದೆ ಕಾಡುವ ಒಂದು ಪ್ರಸಂಗ ಉಳಿದಿದೆ. ಮೋಗ್ಲಿಂಗರ ಶಾಲೆಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗನಿದ್ದ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1844ರ ಜನವರಿ 6ರಂದು ಇನ್ನಿಬ್ಬರು ಗೆಳೆಯರ ಜೊತೆ ಅವನು ದೀಕ್ಷಾಸ್ನಾನ ಪಡೆದು, ಗುರುವಿನ ಹೆಸರನ್ನು ತನ್ನ ಹೆಸರಿನ ಮುಂದೆ ಸೇರಿಸಿಕೊಂಡ. ಊರು ಕೆರಳಿತು, ಬಂಧುಗಳು ಅತ್ತರು, ಬೇಡಿದರು. ಹುಡುಗ ಕದಲಲಿಲ್ಲ. ಹತ್ತು ವರ್ಷ ಕಾದಿದ್ದ ಮಿಷನ್ನಿಗೆ ಇದಕ್ಕಿಂತ ದೊಡ್ಡ ಪ್ರತಿಫಲ ಇರಲಿಲ್ಲ. 1846ರಲ್ಲಿ ಮೋಗ್ಲಿಂಗ್ ಅವನನ್ನು ಬಾಸೆಲಿಗೆ ಕರೆದೊಯ್ದರು. ಅಲ್ಲಿ ಓದಿ, ಪಾದ್ರಿಯಾಗಿ 1851ರಲ್ಲಿ ಮರಳಿದ ಕೌಂಡಿನ್ಯರು 1893ರಲ್ಲಿ ಸಾಯುವವರೆಗೆ ದುಡಿದರು.

ಅವರಿಗೆ ದೀಕ್ಷೆಗೆ ಮೊದಲೇ ಮದುವೆಯಾಗಿತ್ತು. ಹೆಂಡತಿ ಲಕ್ಷ್ಮಿ. ಅವಳು ಅವರ ಜೊತೆ ಬಾಳಲು ಬರಲಿಲ್ಲ. ಮುಂದೆ ಕೌಂಡಿನ್ಯರು ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬವರನ್ನು ಮದುವೆಯಾದರು. ಆ ಮನೆತನ ಇಂದು ಹಲವು ದೇಶಗಳಲ್ಲಿ ಹರಡಿದೆ. ಲಕ್ಷ್ಮಿಗೆ ಇನ್ನೊಂದು ಮದುವೆಯ ದಾರಿಯನ್ನು ಅಂದಿನ ಅವಳ ಸಮಾಜ ತೆರೆದಿರಲಿಲ್ಲ. ಗಂಡ ಬದುಕಿದ್ದೂ ಇಲ್ಲದವಳು ಆ ಕಾಲದ ಸಾರಸ್ವತ ಮನೆಯಲ್ಲಿ ಹೇಗೆ ದಿನ ಕಳೆದಿರಬಹುದು ಎಂಬುದು ನಮ್ಮ ಹಳೆಯ ಮನೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಈ ನಡುವೆ, 1853ರಲ್ಲಿ, ಮೋಗ್ಲಿಂಗ್ ಕೊಡಗಿಗೆ ಹೋಗಿದ್ದರು. ಅಲ್ಲಿ ಜಮೀನಿನ ಜೊತೆಗೇ ಒಡೆಯರಿಗೆ ಸೇರಿಬಿಟ್ಟಿದ್ದ ದಲಿತ ಕುಟುಂಬಗಳು ಅವರ ಬಳಿ ಬಂದವು. ಅವರಿಗಾಗಿ ಆನಂದಪುರ ಎಂಬ ನೆಲೆ ಎದ್ದಿತು. ಕೌಂಡಿನ್ಯರು ತಮ್ಮ ಪಾಲಿನ ಪಿತ್ರಾರ್ಜಿತದ ಹಣವನ್ನು ಅಲ್ಲಿನ ಭೂಮಿಗೆ, ಕಾಫಿ ತೋಟಕ್ಕೆ ಹಾಕಿದರು. ಬ್ರಾಹ್ಮಣನೊಬ್ಬ ತನ್ನ ತಂದೆಯ ಆಸ್ತಿಯನ್ನು ಜೀತದಿಂದ ಬಂದವರ ನೆಲಕ್ಕಾಗಿ ಸುರಿದದ್ದು 1850ರ ದಶಕದಲ್ಲಿ. ಈ ನಾಡಿನಲ್ಲಿ ಅಂಥದ್ದು ಎಷ್ಟು ಕಡೆ ನಡೆದೀತು? ಒಡೆಯನ ಅಂಗಳದಾಚೆ ನಿಂತಿದ್ದ ತಾಯಿ ತನ್ನ ಮಗು ಅಕ್ಷರ ಓದುವುದನ್ನು ಅಲ್ಲಿ ಕಂಡಳು. ಆ ಮಗುವಿನ ಮೊಮ್ಮಕ್ಕಳ ಎದುರು ನಿಂತು ಪಾದ್ರಿಗಳು ಬರಬಾರದಿತ್ತು ಎನ್ನುವ ಬಾಯಿ ನನಗಿಲ್ಲ.

ಆದರೆ ಪ್ರತಿಫಲ ಒಂದು ಪುಟದಲ್ಲಿ, ಪೆಟ್ಟು ಇನ್ನೊಂದು ಪುಟದಲ್ಲಿ ಎಂದು ಬರೆದಿಡಲು ಆನಂದಪುರ ಬಿಡುವುದಿಲ್ಲ. ಅಲ್ಲಿ ಎರಡೂ ಒಂದೇ ಹಣದಲ್ಲಿವೆ. ಆ ಆಸ್ತಿಯ ಮನೆಗೆ ಸೊಸೆಯಾಗಿ ಬಂದವಳು ಲಕ್ಷ್ಮಿ. ಅವಳ ಗಂಡನ ನಿರ್ಧಾರದಿಂದ ನೂರಾರು ಜನರಿಗೆ ನೆಲ ಸಿಕ್ಕಿತು, ಅವಳಿಗೆ ಇದ್ದ ನೆಲವೂ ಹೋಯಿತು. ಮಿಷನ್ನಿನ ಚರಿತ್ರೆಗಳು ಅವಳಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಮಿಷನ್ನನ್ನು ಬಯ್ಯುವವರಿಗೂ ಅವಳು ವಾದದ ಒಂದು ಅಂಶ ಮಾತ್ರ.

ಬಾಸೆಲಿನ ಪತ್ರಾಗಾರದಲ್ಲಿ ಆ ಕಾಲದ ಪತ್ರಗಳು, ವರದಿಗಳು ಇವೆ, ಮಂಗಳೂರಿನ ಬಲ್ಮಠದ ದೇವಜ್ಞಾನ ಕಾಲೇಜಿನಲ್ಲೂ ಹಳೆಯ ಕಡತಗಳಿವೆ. ನಮ್ಮ ತರುಣ ಸಂಶೋಧಕರು ಈಗ ಜರ್ಮನ್ ಕಲಿತು ಅಲ್ಲಿಗೆ ಹೋಗುತ್ತಿದ್ದಾರೆ, ಮೋಗ್ಲಿಂಗ್, ಕಿಟೆಲ್, ಹಂಚಿನ ಕಾರ್ಖಾನೆಗಳ ಬಗ್ಗೆ ಒಳ್ಳೆಯ ಪುಸ್ತಕಗಳನ್ನು ಬರೆಯುತ್ತಿದ್ದಾರೆ. ಅವರಲ್ಲಿ ಒಬ್ಬರಾದರೂ ಲಕ್ಷ್ಮಿಗಾಗಿ ಹೋಗಲಿ ಎಂದು ನನ್ನ ಆಸೆ. ಅವಳು ಯಾರ ಮನೆಯಲ್ಲಿ ಇದ್ದಳು, ಎಷ್ಟು ಕಾಲ ಬದುಕಿದಳು, ಗಂಡನ ಪತ್ರ ಬಂದಾಗ ಓದಿ ಹೇಳಿದವರು ಯಾರು, ಆನಂದಪುರದ ಸುದ್ದಿ ಅವಳ ಕಿವಿಗೆ ಬಿದ್ದಿತ್ತೇ ಎಂದು ಹುಡುಕಲಿ.